ಬದನೆಯ ನೆರೆಹೊರೆ

ಬೀರೂರು ದಾಟಿದ ಮೇಲೆ ರೈಲು ಹಾದಿ ಎರಡಾಗುತ್ತದೆ. ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರ, ಶಿವನಿಯ ಮೇಲೆ ಹುಬ್ಬಳ್ಳಿಯ ಕಡೆಗೆ. ಬೆಂಗಳೂರಿನಿಂದ ಬರುವವರಿಗೆ ಇವೆರಡಕ್ಕೂ ಮೊದಲು ಕಡೂರು. ಮೂರೂ ಒಂದೇ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳು, ಆದರೆ ಕಿಟಕಿಯ ಪಕ್ಕ ಕೂತು ಮಣ್ಣಿನ ಬಣ್ಣ ನೋಡುತ್ತ ಹೋಗುವವರಿಗೆ ಮೂರು ಬೇರೆ ಸೀಮೆಗಳೇ ಕಾಣುತ್ತವೆ. ಕಡೂರಿನಲ್ಲಿ ಕೆಂಪು ಮಣ್ಣು, ರಾಗಿ, ತೆಂಗು. ಬಾಬಾಬುಡನ್ ಗಿರಿಯ ಮಳೆ ಮರೆಯಲ್ಲಿರುವ ಊರು ಅದು, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಬದುಕಬೇಕು. ತರೀಕೆರೆ ಅರೆಮಲೆನಾಡು; ಅಡಿಕೆ, ಬಾಳೆ, ಬೆನ್ನಿಗೆ ಕೆಮ್ಮಣ್ಣುಗುಂಡಿಯ ಬೆಟ್ಟ, ಆಚೆಗೆ ಲಕ್ಕವಳ್ಳಿಯ ಭದ್ರಾ ಜಲಾಶಯ. ಅಜ್ಜಂಪುರದ ಕಡೆ ಎರೆಹೊಲಗಳು, ಮುಂಗಾರಿನ ಈರುಳ್ಳಿ, ಉದ್ದಕ್ಕೆ ಚಾಚಿದ ಅಮೃತ ಮಹಲ್ ಕಾವಲು. ಆದ್ದರಿಂದ "ತರಕಾರಿ ಮಡಿಯಲ್ಲಿ ಯಾವ ಔಷಧಿ ಗಿಡ ಹಾಕಿದರೆ ಒಳ್ಳೇದು?" ಅಂತ ಯಾರಾದರೂ ಕೇಳಿದರೆ, ಹಿತ್ತಿಲು ಯಾವ ಊರಿನದು ಎಂದು ತಿಳಿಯದೆ ಉತ್ತರ ಹೇಳುವುದು ನನಗೆ ಆಗದು.

ಈ ಪ್ರಶ್ನೆ ಈಚೆಗೆ ಬಹಳ ಜನ ಕೇಳುತ್ತಿದ್ದಾರೆ. ಅದು ಸಂತೋಷದ ವಿಷಯ. ಆದರೆ ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಟೊಮೇಟೊ ಪಕ್ಕ ಬೋರೇಜ್, ಎಲೆಕೋಸಿನ ಪಕ್ಕ ಕ್ಯಾಮೊಮೈಲ್, ಹೀಗೆ. ಅವು ಯೂರೋಪಿನ ತಂಪು ನೆಲದ ಗಿಡಗಳು. ಮಾರ್ಚಿನ ಕಡೂರಿನ ಬಿಸಿಲಿಗೆ ಅವನ್ನು ಒಡ್ಡಿ ನೀರು ಹಾಕುತ್ತ ಕೂರುವುದಕ್ಕಿಂತ, ಇಲ್ಲಿನ ರಾಗಿ ಹೊಲ ಏನು ಹೇಳುತ್ತದೆ ಎಂದು ನೋಡುವುದು ಮೇಲು. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿಕೊಂಡು ರಾಗಿಯ ನಡುನಡುವೆ ಅಕ್ಕಡಿ ಸಾಲು ಬಿಡುತ್ತಿದ್ದ ಸೀಮೆ ಇದು. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಹರಳು, ಒಂದಿಷ್ಟು ಜೋಳ. ಅವರೆ ತೊಗರಿಗಳ ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತಿತ್ತು, ಹುಚ್ಚೆಳ್ಳಿನ ಹಳದಿ ಹೂ ಜೇನನ್ನು ಕರೆಯುತ್ತಿತ್ತು, ಜೋಳದ ತೆನೆಯ ಮೇಲೆ ಕೂತ ಹಕ್ಕಿ ಹುಳ ಹೆಕ್ಕುತ್ತಿತ್ತು, ಹರಳಿನಿಂದ ಮನೆಗೆ ವರ್ಷಕ್ಕಾಗುವ ಹರಳೆಣ್ಣೆ. ಮಳೆ ಕೈಕೊಟ್ಟು ರಾಗಿ ಹೋದರೂ ತೊಗರಿ ಉಳಿಯುತ್ತಿತ್ತು. ಯಾವ ಗಿಡವೂ ಒಂದೇ ಕೆಲಸಕ್ಕೆ ಆ ಹೊಲದೊಳಗೆ ಬಂದಿರಲಿಲ್ಲ. ತರಕಾರಿ ಮಡಿಗೂ ಇದೇ ಲೆಕ್ಕ ಹಾಕಬೇಕೆನ್ನುವುದು ನನ್ನ ವಾದ. ತುಳಸಿಯೋ ಅಶ್ವಗಂಧವೋ, ಅದು ಮನುಷ್ಯನಿಗೆ ಎಷ್ಟು ದೊಡ್ಡ ಮದ್ದು ಎಂಬುದರ ಮೇಲೆ ಅದರ ಜಾಗ ನಿಶ್ಚಯವಾಗಬಾರದು. ಪಕ್ಕದ ಬದನೆಗೆ, ಮೆಣಸಿನಕಾಯಿಗೆ ಅದು ಏನು ಮಾಡುತ್ತದೆ ಎಂಬುದರ ಮೇಲೆ ನಿಶ್ಚಯವಾಗಬೇಕು.

ತುಳಸಿಯಿಂದಲೇ ಶುರು ಮಾಡೋಣ. ತುಳಸಿ ಇದ್ದಲ್ಲಿ ಹುಳ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದರ ಘಾಟು ಕೆಲವು ಕೀಟಗಳಿಗೆ ಆಗದು ಎನ್ನುವುದು ನಿಜವೇ. ಆದರೆ ಅದರ ಎಣ್ಣೆಯಲ್ಲಿ ಮೀಥೈಲ್ ಯೂಜಿನಾಲ್ ಎಂಬ ಒಂದು ಅಂಶ ಇದೆ, ಅದಕ್ಕೆ ಮಾವಿನ ಹಣ್ಣುನೊಣದ ಗಂಡುಗಳು ಎಲ್ಲಿದ್ದರೂ ಓಡಿ ಬರುತ್ತವೆ. ತುಳಸಿ ಎಲೆ ಜಜ್ಜಿ, ತೆಂಗಿನ ಕರಟದಲ್ಲಿ ನೀರಿನೊಂದಿಗೆ ಹಾಕಿ, ಒಂದಿಷ್ಟು ವಿಷ ಸೇರಿಸಿ ಮಾವಿನ ಮರಕ್ಕೆ ತೂಗುಹಾಕುವುದು ಈ ಗುಣವನ್ನು ಬಳಸಿಕೊಂಡ ಉಪಾಯವೇ. ಎಂದರೆ ತುಳಸಿ ಓಡಿಸುವುದಕ್ಕಿಂತ ಹೆಚ್ಚಾಗಿ ಕರೆಯುವ ಗಿಡ. ಅಂಗಳದಲ್ಲಿ ಮಾವಿದ್ದರೆ ಅದು ದೊಡ್ಡ ಉಪಕಾರ. ಆದರೆ ಹಾಗಲ, ಸೌತೆ, ಹೀರೆಯ ಮಿಡಿಯನ್ನು ಚುಚ್ಚಿ ಕೊಳೆಸುವ ನೊಣ ಬೇರೆ ಜಾತಿಯದು, ಅದು ತುಳಸಿಯ ವಾಸನೆಗೆ ಸೊಪ್ಪು ಹಾಕುವುದಿಲ್ಲ. ಹಾಗಲ ಚಪ್ಪರದ ಬುಡದಲ್ಲಿ ತುಳಸಿ ನೆಟ್ಟು ಕಾಯಿ ಕೊಳೆಯುವುದು ನಿಲ್ಲಲಿಲ್ಲವೆಂದು ಬೇಸರಪಡುವವರು ತುಳಸಿಯನ್ನು ಬಯ್ಯಬಾರದು.

ಹಾಗಾದರೆ ಚಪ್ಪರದ ಬುಡದಲ್ಲಿ ತುಳಸಿ ಬೇಡವೇ? ಬೇಕು, ಬೇರೆ ಕಾರಣಕ್ಕೆ. ತುಳಸಿಯ ಕದಿರಿಗೆ ಬೆಳಗಿನಿಂದ ಸಂಜೆಯವರೆಗೆ ತುಡುವೆ ಜೇನು, ಕೋಲುಜೇನು, ನಸರಿ ಮುತ್ತಿಕೊಂಡೇ ಇರುತ್ತವೆ. ಸೌತೆ, ಕುಂಬಳ, ಹಾಗಲದ ಹೂ ಬೆಳಗ್ಗೆ ಅರಳುತ್ತವೆ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಜೇನು ಬರದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ತುಳಸಿಗೆ ಬಂದ ಜೇನು ಹತ್ತಿರದ ಕುಂಬಳದ ಹೂವನ್ನು ಬಿಟ್ಟು ಹೋಗುವುದಿಲ್ಲ. ಸೋರೆಯ ಬಿಳಿ ಹೂ ಮಾತ್ರ ಸಂಜೆ ಅರಳಿ ರಾತ್ರಿಯ ಪತಂಗಗಳಿಗೆ ಕಾಯುವಂಥದು, ಅದಕ್ಕೆ ತುಳಸಿಯ ನೆರವು ಅಷ್ಟಕ್ಕಷ್ಟೆ. ಬೃಂದಾವನದ ತುಳಸಿಗೆ ಕದಿರು ಬಂದೊಡನೆ ಚಿವುಟಿಬಿಡುತ್ತೇವೆ, ಎಲೆ ಹೆಚ್ಚಲಿ ಅಂತ. ಮಡಿಯ ಬದಿಯ ತುಳಸಿಗೆ ಹಾಗೆ ಮಾಡಬಾರದು. ಅಲ್ಲಿ ಬೇಕಾಗಿರುವುದು ಹೂವೇ. ಕಾಮಕಸ್ತೂರಿಗೂ ಇದೇ ಮಾತು; ಟೊಮೇಟೊ ಸಾಲಿನ ತುದಿಗೆ ನಾಲ್ಕು ಕಾಮಕಸ್ತೂರಿ ಬಿಟ್ಟರೆ ಹೂವಿಂದ ತೋಟಕ್ಕೂ ಬೀಜದಿಂದ ಬೇಸಿಗೆಯ ಪಾನಕಕ್ಕೂ ಆಯಿತು.

ಹೂವಿನ ವಿಷಯ ಬಂದದ್ದರಿಂದ ಕೊತ್ತಂಬರಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೊತ್ತಂಬರಿ, ಸಬ್ಬಸಿಗೆ, ಸೋಂಪು, ಓಮ, ಜೀರಿಗೆ ಎಲ್ಲ ಒಂದೇ ಕುಲ. ಅಜೀರ್ಣಕ್ಕೆ ಓಮ, ಬಾಣಂತಿಗೆ ಸಬ್ಬಸಿಗೆ, ಉಷ್ಣಕ್ಕೆ ಕೊತ್ತಂಬರಿ ಬೀಜದ ಕಷಾಯ ಎಂದು ನಮ್ಮ ಅಡುಗೆಮನೆಯ ಅರ್ಧ ವೈದ್ಯ ಈ ಕುಲದ ಮೇಲೆಯೇ ನಿಂತಿದೆ. ಇವುಗಳ ಹೂ ಕೊಡೆ ಬಿಚ್ಚಿದ ಹಾಗೆ ಅರಳುತ್ತದೆ, ಒಂದೊಂದು ಹೂವೂ ಸಣ್ಣದು, ಮಕರಂದ ಮೇಲೆಯೇ ಸಿಗುತ್ತದೆ. ಹೂವಿನ ಆಳಕ್ಕೆ ಬಾಯಿ ಹಾಕಲಾರದ ಚಿಕ್ಕ ಪರತಂತ್ರ ಕಣಜಗಳು, ಹೂನೊಣಗಳು, ಗುಲಗಂಜಿ ಹುಳುಗಳು ಇಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಕಣಜ ಕೊರಕ ಹುಳುವಿನ ಮೈಮೇಲೋ ಮೊಟ್ಟೆಯಲ್ಲೋ ತನ್ನ ಮೊಟ್ಟೆ ಇಡುತ್ತದೆ. ಹೂನೊಣದ ಮರಿ ಮತ್ತು ಗುಲಗಂಜಿ ಹುಳು ಹೇನು ತಿನ್ನುತ್ತವೆ. ಬದನೆಯ ನಡುವೆ ಕೊತ್ತಂಬರಿ ಬೆಳೆದಾಗ ಕುಡಿ ಮತ್ತು ಕಾಯಿ ಕೊರಕದ ಹಾವಳಿ ಇಳಿದದ್ದನ್ನು ಬಾಂಗ್ಲಾದೇಶದ ಸಂಶೋಧಕರು ಪ್ರಯೋಗದ ಹೊಲಗಳಲ್ಲಿ ಕಂಡಿದ್ದಾರೆ. ಬದನೆ ಬೆಳೆದವರಿಗೆ ಈ ಕೊರಕ ಏನೆಂದು ವಿವರಿಸಬೇಕಿಲ್ಲ. ಕುಡಿ ಜೋತು ಬಿದ್ದರೆ ಒಳಗೆ ಹುಳ ಕೂತಿದೆ ಎಂದೇ ಅರ್ಥ, ಒಮ್ಮೆ ಕಾಯೊಳಗೆ ಹೊಕ್ಕರೆ ಯಾವ ಔಷಧಿಯೂ ಅದಕ್ಕೆ ತಲುಪದು.

ಆದರೆ ನಾವು ಕೊತ್ತಂಬರಿಯನ್ನು ಹೇಗೆ ಬೆಳೆಯುತ್ತೇವೆ? ಬಿತ್ತಿ ಮೂವತ್ತು ನಲವತ್ತು ದಿನಕ್ಕೆ ಬೇರುಸಮೇತ ಕಿತ್ತು ಕಟ್ಟು ಕಟ್ಟುತ್ತೇವೆ. ಹೂ ಬಿಡುವುದೇ ಆಮೇಲೆ. ನಮ್ಮ ಹಿತ್ತಿಲುಗಳಲ್ಲಿ ಬದನೆಯೂ ಇದೆ, ಕೊತ್ತಂಬರಿಯೂ ಇದೆ, ಆದರೂ ಒಂದರಿಂದ ಇನ್ನೊಂದಕ್ಕೆ ಪ್ರಯೋಜನ ಕಾಣದಿರುವುದಕ್ಕೆ ಇದೇ ಮುಖ್ಯ ಕಾರಣ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮನೆಯವರಿಗೆ ಬೇಕಾದ ಮದ್ದು ಎಲೆಯಲ್ಲಿದೆ, ಮಡಿಗೆ ಬೇಕಾದ ಮದ್ದು ಹೂವಿನಲ್ಲಿದೆ. ಮನೆಯ ಪಾಲು ತೆಗೆದುಕೊಂಡು ಮಡಿಯ ಪಾಲನ್ನು ಮರೆಯುತ್ತೇವೆ.

ಚೆಂಡುಹೂವಿನ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದು ಕಡಿಮೆ. ಆಯುಧಪೂಜೆ, ದೀಪಾವಳಿಗೆಂದು ಈ ಕಡೆಯ ಹೊಲಗಳಲ್ಲಿ ಅದು ಹೇಗೂ ಬೆಳೆಯುತ್ತದೆ, ಗಾಯಕ್ಕೆ ಅದರ ಎಲೆ ಹಿಂಡುವುದೂ ಗೊತ್ತಿರುವುದೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಟೊಮೇಟೊಗೆ ಹೇಳಿದ ಲೆಕ್ಕ ಬಹಳ ಸೊಗಸಾದದ್ದು: 16 ಸಾಲು ಟೊಮೇಟೊಗೆ ಒಂದು ಸಾಲು ಎತ್ತರದ ಆಫ್ರಿಕನ್ ಚೆಂಡುಹೂ, ನಾಟಿಯ ದಿನ ಟೊಮೇಟೊ ಸಸಿಗೆ 25 ದಿನ, ಚೆಂಡುಹೂವಿನ ಸಸಿಗೆ 40 ದಿನ ಆಗಿರಬೇಕು. ಎರಡೂ ಒಟ್ಟಿಗೆ ಹೂ ಬಿಡಲಿ, ಕಾಯಿಕೊರಕದ ಚಿಟ್ಟೆ ಟೊಮೇಟೊ ಬಿಟ್ಟು ಹಳದಿ ಹೂವಿನ ಮೇಲೆ ಮೊಟ್ಟೆ ಇಡಲಿ ಎಂಬುದಕ್ಕೆ ಈ ಹದಿನೈದು ದಿನದ ಅಂತರ. ಈ ಅಂತರವನ್ನು ಬಿಟ್ಟು, ಎರಡನ್ನೂ ಒಂದೇ ವಯಸ್ಸಿನಲ್ಲಿ ನೆಟ್ಟವರಿಗೆ ಹೂ ಮಾತ್ರ ಸಿಗುತ್ತದೆ. ಬೇರುಗಂಟಿನ ಜಂತುಹುಳುವಿಗೂ ಚೆಂಡುಹೂ ಮದ್ದು, ಅದರ ಬೇರಿನಲ್ಲಿರುವ ಒಂದು ರಾಸಾಯನಿಕ ಆ ಹುಳುವಿಗೆ ಆಗದು. ಅದಕ್ಕೂ ಒಂದು ಷರತ್ತಿದೆ. ಮೂಲೆಗೊಂದು ಗಿಡ ಇಟ್ಟರೆ ಸಾಲದು. ಬೇರುಗಂಟು ಕಂಡ ಮಡಿಯಲ್ಲಿ ಎರಡು ಮೂರು ತಿಂಗಳು ಒತ್ತಾಗಿ ಚೆಂಡುಹೂವನ್ನೇ ಬೆಳೆದು, ಆಮೇಲೆ ಅಲ್ಲಿ ಟೊಮೇಟೊ ಹಾಕಬೇಕು.

ಅಜ್ಜಂಪುರದ ಈರುಳ್ಳಿಗೆ ಬರೋಣ. ಮುಂಗಾರಿನಲ್ಲಿ ಇಲ್ಲಿಯ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಈರುಳ್ಳಿಯೇ. ಬೆಲೆ ಬಂದ ವರ್ಷ ಮನೆ ಕಟ್ಟಿದವರಿದ್ದಾರೆ, ಬೆಲೆ ಬೀಳುವ ವರ್ಷ ಕೊಯ್ಲಿನ ಕೂಲಿಯೂ ಹುಟ್ಟದೆ ಹೊಲದಲ್ಲೇ ಬಿಟ್ಟವರಿದ್ದಾರೆ. ಅದರ ಸುಳಿಯಲ್ಲಿ ಕೂರುವ ಥ್ರಿಪ್ಸ್ ನುಸಿ ಗಾಳಿಯಲ್ಲಿ ತೇಲಿ ಬರುತ್ತದೆ. ಸುತ್ತ ಎರಡು ಸಾಲು ಮೆಕ್ಕೆಜೋಳವನ್ನು ಈರುಳ್ಳಿಗಿಂತ ತಿಂಗಳು ಮೊದಲೇ ಬಿತ್ತಿ ತಡೆಗೋಡೆ ಮಾಡಿಕೊಳ್ಳಿ ಎಂದು ತೋಟಗಾರಿಕಾ ತಜ್ಞರು ಹೇಳುವುದು ಇದೇ ಕಾರಣಕ್ಕೆ. ಮೆಕ್ಕೆಜೋಳ ಔಷಧಿ ಗಿಡವಲ್ಲ, ನಿಜ. ಆ ಗೋಡೆಯ ಹೊರಗೆ ಇನ್ನೊಂದು ಸಾಲು ಹರಳು ಇರಲಿ ಎಂದು ನಾನು ಹೇಳುತ್ತೇನೆ. ಎಲೆ ತಿನ್ನುವ ಸ್ಪೊಡಾಪ್ಟೆರಾ ಹುಳುವಿನ ತಾಯಿಗೆ ಹರಳಿನ ಅಗಲ ಎಲೆಯೆಂದರೆ ಪ್ರೀತಿ. ಗುಂಪುಗುಂಪಾಗಿ ಮೊಟ್ಟೆ ಇಡುತ್ತದೆ, ಮರಿಗಳು ಮೊದಲ ಕೆಲವು ದಿನ ಒಂದೇ ಎಲೆಯಲ್ಲಿ ಒಟ್ಟಿಗಿರುತ್ತವೆ. ಆ ಎಲೆಯನ್ನು ಕಿತ್ತು ಹೂತರೆ ನೂರಾರು ಹುಳು ಒಂದೇ ಸಲಕ್ಕೆ ಹೋಯಿತು. ಕೀಳದೆ ಬಿಟ್ಟರೆ ಹುಳುವಿಗೆ ನಾವೇ ತೊಟ್ಟಿಲು ಕಟ್ಟಿದಂತೆ, ಮರಿಗಳು ದೊಡ್ಡವಾಗಿ ಹೊಲಕ್ಕೇ ಇಳಿಯುತ್ತವೆ. ಚೆಂಡುಹೂವಿಗೂ ಈ ಮಾತು ಸಲ್ಲುತ್ತದೆ. ಬಲೆಗೆಂದು ಬೆಳೆಸಿದ ಗಿಡವನ್ನು ವಾರಕ್ಕೆರಡು ಸಲವಾದರೂ ಹೋಗಿ ನೋಡಲಾಗದವರು ಅದನ್ನು ನೆಡದಿರುವುದೇ ಒಳ್ಳೆಯದು.

ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರನ್ನು ನೋಡುವುದು ನನಗೆ ಯಾವಾಗಲೂ ಒಂದು ಪಾಠ. ಕಿತ್ತದ್ದೆಲ್ಲ ಬದುವಿಗೆ ಹೋಗುವುದಿಲ್ಲ. ಹೊನಗೊನ್ನೆ, ಅಣ್ಣೆಸೊಪ್ಪು, ಗೋಣಿಸೊಪ್ಪು ಮಡಿಲಿಗೆ ಬೀಳುತ್ತವೆ, ಸಂಜೆಗೆ ಬೆರಕೆ ಸೊಪ್ಪಿನ ಸಾರು. ಒಂದು ಗಿಡವನ್ನು ಕೀಳದೆ ಸುತ್ತಲಿನದನ್ನಷ್ಟೇ ತೆಗೆದ ಅಜ್ಜಿಯೊಬ್ಬರನ್ನು "ಇದನ್ಯಾಕಜ್ಜಿ ಬಿಟ್ರಿ?" ಅಂದೆ. "ಗಣಿಕೆ ಕಣಪ್ಪ ಅದು. ಬಾಯಿ ಹುಣ್ಣಾದ್ರೆ ಆಮ್ಯಾಕೆ ಎಲ್ಲೋಗಿ ಹುಡುಕ್ತೀಯ?" ಅಂದರು. ಆ ಹೊಲದಲ್ಲಿ ನೆಲನೆಲ್ಲಿಯೂ ಹಾಗೇ ಉಳಿದಿತ್ತು. ಯಾರೂ ಬಿತ್ತದೆ, ಯಾರೂ ನೀರು ಹಾಕದೆ ಬಂದ ಔಷಧಿ ತೋಟ ಅದು. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಮೊದಲು ಹೋಗುವುದು ಇವೇ. ಕೂಲಿ ಸಿಗದ ರೈತ ಏನು ಮಾಡಬೇಕು ಎಂದು ಕೇಳಿದರೆ ನನಗೂ ಅವರ ಕಷ್ಟ ಅರ್ಥವಾಗುತ್ತದೆ, ಆದರೆ ಮನೆಯ ಹಿತ್ತಿಲಿನ ಹತ್ತು ಮಡಿಗೆ ಕಳೆನಾಶಕ ಹೊಡೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಗಣಿಕೆಯ ಹೆಸರು ಬಂದಾಗ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಗಣಿಕೆ, ಬದನೆ, ಟೊಮೇಟೊ, ಮೆಣಸಿನಕಾಯಿ, ಆಲೂಗಡ್ಡೆ, ಅಶ್ವಗಂಧ ಎಲ್ಲ ಒಂದೇ ವಂಶದವು. ಒಂದೇ ವಂಶದವಕ್ಕೆ ಶತ್ರುಗಳೂ ಒಂದೇ. ಬೆನ್ನ ಮೇಲೆ 28 ಕಪ್ಪು ಚುಕ್ಕೆ ಇರುವ, ಮಂಕು ಕಂದು ಬಣ್ಣದ ಒಂದು ಜೀರುಂಡೆ ಬದನೆ ಎಲೆಯ ಹಸಿರನ್ನು ಕೆರೆದು ತಿಂದು ನರ ಮಾತ್ರ ಉಳಿಸುತ್ತದೆ, ಅದೇ ಅಶ್ವಗಂಧವನ್ನೂ ಹಾಗೇ ತಿನ್ನುತ್ತದೆ. ಬೇರುಗಂಟಿನ ಜಂತುಹುಳುವಿಗೂ ಎರಡೂ ಬೇಕು. ಬದನೆಯ ಪಕ್ಕ ಅಶ್ವಗಂಧ ಹಾಕಿದರೆ ಆರೋಗ್ಯ ಎಂದು ಯಾರೋ ಹೇಳಿದ್ದನ್ನು ನಂಬಿ ನೆಟ್ಟರೆ, ಒಂದರ ರೋಗ ಇನ್ನೊಂದಕ್ಕೆ ಹೋಗಲು ನಾವೇ ಸೇತುವೆ ಕಟ್ಟಿದ ಹಾಗಾಗುತ್ತದೆ. ಅಶ್ವಗಂಧಕ್ಕೆ ಕಡೂರಿನ ಕಡೆಯ ನೀರು ನಿಲ್ಲದ ಕೆಂಪು ನೆಲ ಒಗ್ಗುತ್ತದೆ. ಅವರೆಯ ಪಕ್ಕ, ಬೆಂಡೆಯ ಪಕ್ಕ ಹಾಕಿ. ಬದನೆಯಿಂದ ದೂರ ಇಡಿ. ಅಂದಹಾಗೆ, ಆ ಜೀರುಂಡೆಯನ್ನೂ ಗುಲಗಂಜಿ ಹುಳುವನ್ನೂ ಒಂದೇ ಎಂದು ತಿಳಿದು ಎರಡನ್ನೂ ಹೊಸಕುವವರುಂಟು. ಮೈ ಹೊಳೆಯುವುದು ಗೆಳೆಯ, ಮೈಮೇಲೆ ಸಣ್ಣ ರೋಮವಿದ್ದು ಮಂಕಾಗಿರುವುದು ಎಲೆ ತಿನ್ನುವಂಥದು. ಮಕ್ಕಳಿಗೆ ಇದನ್ನು ತೋರಿಸಿಕೊಡಬೇಕು.

ಕಡೂರಿನಲ್ಲಿ ನೀರೇ ಮೊದಲ ಪ್ರಶ್ನೆ. ಸಖರಾಯಪಟ್ಟಣದ ಅಯ್ಯನಕೆರೆ ತುಂಬಿ ಕೋಡಿ ಬಿದ್ದರೆ ಸುದ್ದಿಯಾಗುವ ಸೀಮೆ ಇದು. ಬೋರ್‌ವೆಲ್‌ನ ನೀರನ್ನು ತೆಂಗಿಗೂ ತರಕಾರಿಗೂ ಹಂಚಬೇಕಾದ ಕಡೆ, ಔಷಧಿ ಗಿಡ ಬಂದು ಮೂರನೆಯ ಪಾಲು ಕೇಳಬಾರದು. ಆದ್ದರಿಂದ ಇಲ್ಲಿ ಅವುಗಳ ಜಾಗ ಮಡಿಯ ಒಳಗಿಗಿಂತ ಬದುವಿನ ಮೇಲೆ, ಬೇಲಿಯಲ್ಲಿ. ಬದುವಿಗೆ ಲಾವಂಚ ನೆಟ್ಟರೆ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಗೆ ಇಳಿಯುತ್ತದೆ, ಎರಡು ಮೂರು ಮೀಟರಿನವರೆಗೂ ಹೋಗುತ್ತದೆ; ಬಿರುಮಳೆಗೆ ಮೇಲ್ಮಣ್ಣು ಕೊಚ್ಚಿ ಹೋಗುವುದಿಲ್ಲ. ಮಜ್ಜಿಗೆ ಹುಲ್ಲೂ ಬದುವಿಗೆ ಒಳ್ಳೆಯದು. ಲೋಳೆಸರಕ್ಕೆ ಯಾರ ಹಂಗೂ ಇಲ್ಲ. ಬೇಲಿಗೆ ಲಕ್ಕಿ ಮತ್ತು ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೆ ಆಡುಸೋಗೆಗೆ ಮಾತ್ರ ಆಡು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಕೆಮ್ಮಿಗೆ ಕಷಾಯವಾಗುವ ಗಿಡವೇ ಮೇಕೆಯಿಂದ ಮೆಣಸಿನ ಮಡಿಯನ್ನು ಕಾಯುತ್ತದೆ. ಬೇಲಿಯ ಬೇವಿಗೆ ಅಮೃತಬಳ್ಳಿ ಹಬ್ಬಿಸಬಹುದು.

ಇಂಥ ಬೇಲಿಯೇ ಔಷಧಿ ಅಂಗಡಿ. ಬೇವು, ಹೊಂಗೆ, ಲಕ್ಕಿ, ಎಕ್ಕ, ಸೀತಾಫಲ, ಹರಳು, ಅಮೃತಬಳ್ಳಿ ಮುಂತಾದವುಗಳ ಎಲೆಯನ್ನು ಗಂಜಲ, ಸಗಣಿಯೊಂದಿಗೆ ತಿಂಗಳಿಗೂ ಹೆಚ್ಚು ಕಾಲ ಕೊಳೆಸಿ ದಶಪರ್ಣಿ ಕಷಾಯ ಮಾಡುತ್ತಾರೆ. ಅದಕ್ಕಿಂತ ಸರಳವಾದದ್ದು ಬೇವಿನ ಬೀಜದ ಕಷಾಯ: 5 ಕಿಲೋ ಬೀಜದ ಪುಡಿಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಸೋಸಿ 100 ಲೀಟರ್ ನೀರಿಗೆ ಸೇರಿಸುವುದು. ಮೆಣಸಿನ ಗಿಡದ ಮುಟುರು ರೋಗ ಶುರುವಾಗುವ ಮುಂಚೆ ಸಂಜೆ ಹೊತ್ತು ಸಿಂಪಡಿಸಿದರೆ ನುಸಿ ಹತೋಟಿಗೆ ಬರುತ್ತದೆ. ಇದೂ ಜೇನಿಗೆ ಒಳ್ಳೆಯದಲ್ಲ, ಹೂವಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.

ತರೀಕೆರೆಯಲ್ಲಿ ಕಥೆಯೇ ಬೇರೆ. ಅಲ್ಲಿ ನೆರಳಿದೆ, ತೇವವಿದೆ. ಬಾಳೆಯ ಬುಡ, ಬಸಳೆ ಚಪ್ಪರದ ಕೆಳಗು, ಬಚ್ಚಲ ನೀರು ಹರಿಯುವ ಕಾಲುವೆಯ ಅಂಚು ಒಂದೆಲಗಕ್ಕೆ ತವರುಮನೆ. ಒಮ್ಮೆ ಹಬ್ಬಿದರೆ ನೆಲವನ್ನು ಮುಚ್ಚಿ ತೇವ ಕಾಯುತ್ತದೆ, ಬೇರೆ ಕಳೆಗೆ ಎಡೆ ಕೊಡುವುದಿಲ್ಲ. ಕಾಯಿ, ಜೀರಿಗೆ, ಮೆಣಸು, ಮಜ್ಜಿಗೆ ಸೇರಿಸಿದರೆ ತಂಬುಳಿ. ಆದರೆ ಅದನ್ನು ಎತ್ತರದ ಗಿಡಗಳ ಬುಡದಲ್ಲೇ ಇಡಬೇಕು. ಮೂಲಂಗಿ, ಹರಿವೆಯ ಮಡಿಗೆ ನುಗ್ಗಿದರೆ ಅವನ್ನು ಮೇಲೇಳಗೊಡದು. ದೊಡ್ಡಪತ್ರೆಗೆ ಅರೆನೆರಳು ಸಾಕು, ಒಂದು ಕಡ್ಡಿ ಮುರಿದು ಊರಿದರೆ ಬದುಕುತ್ತದೆ. ನೀರು ಹರಿಯುವ ಕಡೆ ಬಜೆ ನೆಡಬಹುದು. ಅದರ ಬೇರಿನ ತುಂಡು ಕಾಳಿನ ಡಬ್ಬಿಯಲ್ಲಿದ್ದರೆ ನುಸಿ ಹತ್ತಿರ ಬರುವುದು ಕಡಿಮೆ. ಅಡಿಕೆಯ ನಡುವೆ ಹಿಪ್ಪಲಿ, ಅರಿಶಿನ. ಮಂಗಗಳು ಟೊಮೇಟೊ ಮುಗಿಸಿದರೂ ಅರಿಶಿನವನ್ನು ಸಾಮಾನ್ಯವಾಗಿ ಬಿಡುತ್ತವೆ.

ಇಷ್ಟೆಲ್ಲ ಹಿತ್ತಿಲಲ್ಲಿ ಬೆಳೆಸಿ ಎಂದು ಒತ್ತಾಯಿಸಲು ಇನ್ನೊಂದು ಕಾರಣವಿದೆ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಗಂಧಿಗೆ ಅಂಗಡಿಗಳಲ್ಲಿ ಸಿಗುವ ಬೇರು, ತೊಗಟೆಗಳಲ್ಲಿ ಬಹುಪಾಲು ಬಂದಿರುವುದು ಕಾಡಿನಿಂದ, ಕಾವಲಿನಿಂದ. ಎಲೆ ಕಿತ್ತರೆ ಗಿಡ ಉಳಿಯುತ್ತದೆ. ಹಲವು ಮಕ್ಕಳ ತಾಯಿ ಬೇರನ್ನೋ ಸರ್ಪಗಂಧವನ್ನೋ ಅಗೆದರೆ ಗಿಡವೇ ಹೋಯಿತು. ರಾಜ್ಯದಲ್ಲಿ 1990ರ ದಶಕದಲ್ಲಿ ಅರಣ್ಯ ಇಲಾಖೆ ಮತ್ತು ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಸೇರಿ ಗುರುತಿಸಿದ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳಲ್ಲಿ ಕೆಮ್ಮಣ್ಣುಗುಂಡಿಯೂ ಒಂದು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಕೃಷ್ಣಮೃಗಗಳು ಓಡಾಡುವ ಹುಲ್ಲುಗಾವಲು ಅದು. ಆ ಹುಲ್ಲಿನ ನಡುವೆ ಎಷ್ಟೊಂದು ಮದ್ದಿನ ಗಿಡಗಳಿವೆ ಎಂದು ಅಲ್ಲಿ ದನ ಕಾಯ್ದವರಿಗೆ ಗೊತ್ತು. ಕೋವಿಡ್ ಬಂದ ವರ್ಷಗಳಲ್ಲಿ ಬೇಲಿಬೇಲಿಯ ಅಮೃತಬಳ್ಳಿಯನ್ನು ಜನ ಬುಡಸಮೇತ ಎಳೆದರು. ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ತೊಂದರೆಯಾದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದು ಅಮೃತಬಳ್ಳಿಯದೇ ದೋಷವೋ, ಅದನ್ನು ಹೋಲುವ ಬೇರೊಂದು ಬಳ್ಳಿಯದೋ ಎಂಬ ಚರ್ಚೆಯೂ ಆಯಿತು. ಗುರುತು ಗೊತ್ತಿರುವ ಗಿಡ ಮನೆಯಲ್ಲಿದ್ದರೆ ಈ ಅನುಮಾನಕ್ಕೆ ಎಡೆಯಿಲ್ಲ. ತಂಬುಳಿ, ಸಾರಿನ ಅಳತೆ ಮೀರಿ ಸೇವಿಸುವುದಾದರೆ ವೈದ್ಯರನ್ನು ಕೇಳಿಯೇ ಸೇವಿಸಬೇಕು.

ಕಾಡಿನಿಂದ ಗಿಡ ಕಿತ್ತು ತಂದು ಹಿತ್ತಿಲಲ್ಲಿ ನೆಡುವ ಉತ್ಸಾಹವೂ ಬೇಡ. ತುಂಡು, ಬೀಜ, ಬೇರುಸಸಿ ನೆರೆಯವರಲ್ಲಿ ಸಿಗುತ್ತದೆ, ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ವಿಚಾರಿಸಬಹುದು. ಒಂದೇ ಸಲ ಇಪ್ಪತ್ತು ಬಗೆ ತರಬೇಕಿಲ್ಲ. ಎಲ್ಲಕ್ಕಿಂತ ಅಗ್ಗದ ಆರಂಭ ಅಡುಗೆಮನೆಯ ಡಬ್ಬಿಯಲ್ಲೇ ಇದೆ. ಮುಂದಿನ ಸಲ ಬದನೆ ಬೀಜವನ್ನು ಸಸಿಮಡಿಗೆ ಹಾಕುವ ದಿನವೇ, ಬದನೆ ನಾಟಿ ಮಾಡಬೇಕೆಂದಿರುವ ಜಾಗದ ಅಂಚಿಗೆ ಒಂದು ಸಾಲು ಕೊತ್ತಂಬರಿಯನ್ನೂ ಬಿತ್ತಿ. ಸಸಿಗೆ ತಿಂಗಳಾಗಿ ನಾಟಿ ಮುಗಿದು, ಬೇರು ಹಿಡಿದು, ಕುಡಿಕೊರಕ ಬರುವ ಹೊತ್ತಿಗೆ ಆ ಸಾಲು ಹೂ ಬಿಟ್ಟಿರುತ್ತದೆ. ಸಾರಿಗೆ ಬೇಕೆಂದು ಅಷ್ಟರಲ್ಲಿ ಯಾರಾದರೂ ಕೀಳಲು ಬಂದರೆ, ಈ ಸಾಲು ಬದನೆಯದು ಎಂದು ಹೇಳಿ ಬೇರೆ ಮಡಿಗೆ ಕಳಿಸಿ.